ರಕ್ತದಲ್ಲಿ ಹುಳ ಕಂಡಿತು, ಹಾರ್ಟ್‌ವರ್ಮ್ ಅಂತ ಬರೆಯಬಹುದಾ?

ಪ್ರಶ್ನೆ: ಮೇಡಂ, ನಾನು ಪಶುವೈದ್ಯ ಕೋರ್ಸಿನ (ಬಿವಿಎಸ್ಸಿ) ಪರೀಕ್ಷೆಗಳನ್ನು ಮುಗಿಸಿ ಈಗ ಇಂಟರ್ನ್‌ಶಿಪ್‌ನಲ್ಲಿದ್ದೇನೆ. ಹೋದ ವಾರ ಕುಂದಾಪುರ ಕಡೆಯ ನಾಲ್ಕು ವರ್ಷದ ಹೆಣ್ಣು ನಾಯಿಯೊಂದನ್ನು ಜ್ವರ ಅಂತ ಕರೆದುಕೊಂಡು ಬಂದಿದ್ದರು. ಒಂದು ಹನಿ ರಕ್ತ ಸ್ಲೈಡ್ ಮೇಲೆ ಹಾಕಿ ನೋಡಿದರೆ ಸಣ್ಣ ಹುಳಗಳು ಹೊರಳಾಡುತ್ತಿದ್ದವು. ಜೊತೆಗಿದ್ದವರು ಹಾರ್ಟ್‌ವರ್ಮ್, ಅಂದರೆ ಹೃದಯದ ಹುಳ ಎಂದರು. ಕೇಸ್ ಶೀಟ್‌ನಲ್ಲೂ ಹಾಗೇ ಬರೆದೆವು. ಆಮೇಲೆ ಹಾರ್ಟ್‌ವರ್ಮ್ ಬಿಡುವ ಪ್ರೋಟೀನನ್ನು ರಕ್ತದಲ್ಲಿ ಹುಡುಕುವ ಆಂಟಿಜೆನ್ ಕಿಟ್ ಹಾಕಿದರೆ ನೆಗೆಟಿವ್! ಕಿಟ್ ಸರಿಯಿಲ್ಲವಾ, ನಾವು ಸರಿಯಿಲ್ಲವಾ? ಕಾಲೇಜಿನಲ್ಲಿ ಈ ಹುಳದ ಬಗ್ಗೆ ಕೇಳಿದ್ದು ಒಂದೆರಡು ಕ್ಲಾಸ್ ಅಷ್ಟೇ. ನೆಟ್‌ನಲ್ಲಿ ಸಿಗುವುದೆಲ್ಲ ಅಮೆರಿಕದ್ದು. ನಮ್ಮಂಥವರು ಇದನ್ನು ಎಲ್ಲಿಂದ, ಹೇಗೆ ಕಲಿಯಬೇಕು?

ಉತ್ತರ: ಕಿಟ್ ಬಹುಶಃ ಸರಿಯಾಗಿಯೇ ಇದೆ. ಅವಸರ ಮಾಡಿದ್ದು ನೀವು. ಬೇಜಾರು ಮಾಡಿಕೊಳ್ಳಬೇಡಿ, ಇದೇ ತಪ್ಪನ್ನು ನಾನೂ ಮಾಡಿದ್ದೇನೆ.

ಕರಾವಳಿಯಲ್ಲಿ ಕೆಲಸ ಶುರು ಮಾಡಿದ ಹೊಸದು. ಒಂದು ಲ್ಯಾಬ್ರಡಾರ್ ರಕ್ತದಲ್ಲಿ ಹುಳ ಕಂಡಿತು. ಮಾಲೀಕರು ನಿವೃತ್ತ ಮೇಷ್ಟ್ರು. ಹೃದಯದಲ್ಲಿ ಹುಳ ಇದೆ ಎಂದ ಕೂಡಲೇ ಅವರ ಮುಖ ಸಪ್ಪೆಯಾಯಿತು. ಓಡಾಡಿಸಬೇಡಿ, ಮೆಟ್ಟಿಲು ಹತ್ತಿಸಬೇಡಿ ಎಂದೆ. ಪಾಪ, ಎರಡು ತಿಂಗಳು ಆ ನಾಯಿಯನ್ನು ಹಿತ್ತಿಲಲ್ಲಿ ಕಟ್ಟಿಯೇ ಹಾಕಿದ್ದರು. ಮುಂದೆ ಅದೇ ನಾಯಿಗೆ ಗರ್ಭಕೋಶ ತೆಗೆಯುವ ಆಪರೇಷನ್ ಮಾಡುವಾಗ ಚರ್ಮದಡಿಯ ಕೊಬ್ಬಿನಲ್ಲಿ ಬಿಳಿ ದಾರದ ತುದಿಯೊಂದು ಕಂಡಿತು. ಹಿಂದೆ ಯಾವಾಗಲೋ ಹಾಕಿದ ಹೊಲಿಗೆ ಇರಬೇಕು ಅಂತ ಫೋರ್ಸೆಪ್ಸ್‌ನಲ್ಲಿ ಹಿಡಿದು ಎಳೆದೆ. ದಾರ ಮೆಲ್ಲಗೆ ಸುತ್ತಿಕೊಂಡಿತು! ಹುಳ ಇದ್ದದ್ದು ಅಲ್ಲಿ, ಚರ್ಮದ ಕೆಳಗೆ. ಹೃದಯಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಅದು ಡೈರೊಫೈಲೇರಿಯಾ ರೆಪೆನ್ಸ್. ಹಾರ್ಟ್‌ವರ್ಮ್ ಅಂದರೆ ಡೈರೊಫೈಲೇರಿಯಾ ಇಮಿಟಿಸ್. ಒಂದೇ ಕುಲದ ಅಣ್ಣ ತಮ್ಮಂದಿರು, ಮನೆ ಮಾತ್ರ ಬೇರೆ ಬೇರೆ. ಇಮಿಟಿಸ್ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲೂ ಹೃದಯದ ಬಲಭಾಗದಲ್ಲೂ ಇರುತ್ತದೆ. ಅದರ ಹೆಣ್ಣು ಹುಳ 25 ರಿಂದ 30 ಸೆಂ.ಮೀ. ಉದ್ದ. 1856ರಲ್ಲಿ ಅದಕ್ಕೆ ಹೆಸರಿಟ್ಟ ಜೋಸೆಫ್ ಲೀಡಿ ಸುಮ್ನೆ ಇಟ್ಟಿಲ್ಲ. ಲ್ಯಾಟಿನ್‌ನಲ್ಲಿ ಇಮಿಟಿಸ್ ಅಂದರೆ ಕರುಣೆಯಿಲ್ಲದ್ದು. ರೆಪೆನ್ಸ್ ಅಷ್ಟು ಕ್ರೂರಿಯಲ್ಲ. ಕೆಲವು ನಾಯಿಗಳಿಗೆ ತುರಿಕೆ, ಗಂಟು ಬರುತ್ತದೆ. ಬಹಳಷ್ಟು ನಾಯಿಗಳಿಗೆ ಏನೂ ಆಗುವುದಿಲ್ಲ. ಆದರೆ ಎರಡೂ ಸೊಳ್ಳೆಯಿಂದಲೇ ಹರಡುತ್ತವೆ, ಎರಡೂ ರಕ್ತಕ್ಕೆ ಮರಿ ಬಿಡುತ್ತವೆ. ಆ ಮರಿಗಳೇ ನೀವು ಕಂಡ ಮೈಕ್ರೋಫೈಲೇರಿಯಾ.

ನಮ್ಮ ದೇಶದಲ್ಲಿ ಇಮಿಟಿಸ್ ಜಾಸ್ತಿ ಸಿಗುವುದು ಅಸ್ಸಾಂ, ಮಿಜೋರಾಂನಂಥ ಈಶಾನ್ಯ ರಾಜ್ಯಗಳಲ್ಲಿ. ಕೇರಳದಲ್ಲಿ, ನಮ್ಮ ಕರಾವಳಿಯಲ್ಲಿ ಮೇಲುಗೈ ರೆಪೆನ್ಸ್‌ದು. ದಕ್ಷಿಣದಿಂದಲೂ ಇಮಿಟಿಸ್ ವರದಿಗಳು ಅಲ್ಲೊಂದು ಇಲ್ಲೊಂದು ಇವೆ, ಆದ್ದರಿಂದ ಇಲ್ಲವೇ ಇಲ್ಲ ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ. ಸಾಲದ್ದಕ್ಕೆ ಅಕಾಂತೊಕೈಲೊನೆಮಾ ರೆಕಾಂಡಿಟಮ್ ಅಂತ ಮೂರನೆಯದೊಂದು ಇದೆ. ಚಿಗಟದಿಂದ ಬರುತ್ತದೆ, ನಾಯಿಗೆ ತೊಂದರೆ ಕೊಡುವುದಿಲ್ಲ. ಕೇರಳದ ನಾಯಿಗಳಲ್ಲಿ ಬ್ರೂಜಿಯಾ ಕೂಡ ಸಿಕ್ಕಿದೆ. ಅಂದರೆ ನಿಮ್ಮ ಸ್ಲೈಡ್‌ನಲ್ಲಿ ಹೊರಳಾಡುತ್ತಿದ್ದ ಹುಳಕ್ಕೆ ನಾಲ್ಕು ಹೆಸರು ಇರಬಹುದಿತ್ತು. ನೀವು ಒಂದನ್ನೇ ಯೋಚಿಸಿದಿರಿ, ಯಾಕೆಂದರೆ ಓದಿದ್ದು ಅಮೆರಿಕದ ಹಾಳೆ. ಅಲ್ಲಿ ರೆಪೆನ್ಸ್ ಇಲ್ಲ. ಹಾಗಾಗಿ ಅವರು ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ನಾವು ಕೆಡಿಸಿಕೊಳ್ಳಲೇಬೇಕು.

ಆದ್ದರಿಂದ ಕಲಿಕೆಯನ್ನು ಅಲ್ಲಿನ ಗೈಡ್‌ಲೈನ್‌ನಿಂದ ಶುರು ಮಾಡಬೇಡಿ. ರಕ್ತದಲ್ಲಿನ ಮರಿಗಳನ್ನು ತಳಕ್ಕಿಳಿಸಿ ಅಳೆಯುವ ನಾಟ್ ಪರೀಕ್ಷೆಯಿಂದ ಶುರು ಮಾಡಿ. ಇದಕ್ಕೆ ದೊಡ್ಡ ಲ್ಯಾಬ್ ಬೇಡ. ಸೆಂಟ್ರಿಫ್ಯೂಜ್, ಮೈಕ್ರೋಸ್ಕೋಪ್, ಫಾರ್ಮಲಿನ್ ಇದ್ದರೆ ಆಯಿತು.

ಅಂಗಡಿಯ ಗಾಢ ಫಾರ್ಮಲಿನ್ 2 ಎಂ.ಎಲ್. ತೆಗೆದು 98 ಎಂ.ಎಲ್. ಡಿಸ್ಟಿಲ್ಡ್ ವಾಟರ್‌ಗೆ ಸೇರಿಸಿ. ಸಲೈನ್ ಬೇಡ. ಹುಡುಗರು ಮಾಡುವ ಮೊದಲ ತಪ್ಪೇ ಇದು. ನೀರು ಕೆಂಪು ಕಣಗಳನ್ನು ಒಡೆಯಬೇಕು. ಸಲೈನ್ ಹಾಕಿದರೆ ಅವು ಒಡೆಯುವುದೇ ಇಲ್ಲ, ಆಮೇಲೆ ತಳದಲ್ಲಿ ಕೆಂಪು ಕೆಸರು. ಪ್ಯಾಥಾಲಜಿಯವರ 10 ಪರ್ಸೆಂಟ್ ಬಾಟಲಿಯಿಂದ ಸುರಿದುಕೊಳ್ಳುವುದೂ ಬೇಡ. ಈ 2 ಪರ್ಸೆಂಟ್ ದ್ರಾವಣ 9 ಎಂ.ಎಲ್., ಇಡಿಟಿಎ ಟ್ಯೂಬ್‌ನ (ಹೆಪ್ಪುಗಟ್ಟದಂತೆ ಇಟ್ಟ) ರಕ್ತ 1 ಎಂ.ಎಲ್. ಸೇರಿಸಿ ಚೆನ್ನಾಗಿ ತಲೆಕೆಳಗು ಮಾಡಿ. ಮಸುಕು ಕೆಂಪು ಇದ್ದದ್ದು ಕಣ್ಣೆದುರೇ ತಿಳಿಯಾಗಿ, ಕೋಕಂ ಶರಬತ್ತಿನ ಹಾಗೆ ಬೆಳಕು ಹಾಯುವ ಬಣ್ಣಕ್ಕೆ ತಿರುಗುತ್ತದೆ. ಕಣಗಳು ಒಡೆದವು ಎಂದರ್ಥ. 1100 ರಿಂದ 1500 ಆರ್‌ಪಿಎಂನಲ್ಲಿ 5 ನಿಮಿಷ ತಿರುಗಿಸಿ. ಮೇಲಿನದನ್ನು ಚೆಲ್ಲಿ. ತಳದಲ್ಲಿ ಉಳಿದ ಚೂರಿಗೆ ಒಂದು ಹನಿ ಮೆಥಿಲೀನ್ ಬ್ಲೂ ಹಾಕಿ, ಸ್ಲೈಡ್ ಮೇಲೆ ತೆಗೆದು ಕವರ್‌ಸ್ಲಿಪ್ ಮುಚ್ಚಿ.

ಈಗ ಹುಳ ಸತ್ತಿರುತ್ತದೆ, ನೀಟಾಗಿ ಚಾಚಿಕೊಂಡಿರುತ್ತದೆ. ಅಳೆಯಿರಿ. ಐಪೀಸ್‌ನೊಳಗಿನ ಮೈಕ್ರೋಮೀಟರ್ ಅನ್ನು ಸ್ಟೇಜ್ ಮೈಕ್ರೋಮೀಟರ್ ಇಟ್ಟು ಮೊದಲೇ ಹೊಂದಿಸಿರಬೇಕು. ಪ್ರ್ಯಾಕ್ಟಿಕಲ್ ಕ್ಲಾಸ್‌ನಲ್ಲಿ ಇದನ್ನು ಎಲ್ಲರೂ ಮಾಡಿರುತ್ತೇವೆ, ಎಲ್ಲರೂ ಮರೆತಿರುತ್ತೇವೆ. ಒಂದೇ ಹುಳ ಅಳೆದು ಬಿಡಬೇಡಿ, ಹತ್ತಾದರೂ ಅಳೆಯಿರಿ. ಇಮಿಟಿಸ್ ಮರಿ ಸುಮಾರು 295 ರಿಂದ 325 ಮೈಕ್ರಾನ್ ಉದ್ದ, ತಲೆ ಚೂಪಾಗುತ್ತಾ ಹೋಗುತ್ತದೆ, ಬಾಲ ನೇರ. ರೆಪೆನ್ಸ್ ಮರಿ ಸುಮಾರು 300 ರಿಂದ 370 ಮೈಕ್ರಾನ್, ತಲೆ ದುಂಡಗೆ, ಬಾಲದ ತುದಿ ಎಷ್ಟೋ ಸಲ ಕೊಡೆಯ ಹಿಡಿಯಂತೆ ಬಾಗಿರುತ್ತದೆ. ರೆಕಾಂಡಿಟಮ್ ಚಿಕ್ಕದು, 250 ರಿಂದ 288 ಮೈಕ್ರಾನ್. ಮೈ ಸಪೂರ, ತಲೆ ಮೊಂಡು, ಬಾಲ ಕೊಕ್ಕೆ. ಬ್ರೂಜಿಯಾ ಆದರೆ ಮೈ ಮೇಲೆ ಪಾರದರ್ಶಕ ಚೀಲವೊಂದು ತಲೆ ಬಾಲ ದಾಟಿ ಹೊರಗೆ ಕಾಣುತ್ತದೆ.

ಇಮಿಟಿಸ್, ರೆಪೆನ್ಸ್ ಅಳತೆಗಳು ನಡುವೆ ಒಂದರ ಮೇಲೊಂದು ಬೀಳುತ್ತವೆ ಅಂತ ನೀವು ಗಮನಿಸಿರಬೇಕು. 310 ಮೈಕ್ರಾನ್ ಬಂದರೆ ಏನು ಬರೆಯೋದು? ಆಗ ಕಾಲೇಜಿನ ಪ್ಯಾರಾಸಿಟಾಲಜಿ ವಿಭಾಗಕ್ಕೆ ಕಳಿಸಿ. ಆಸಿಡ್ ಫಾಸ್ಫಟೇಸ್ ಬಣ್ಣ ಹಾಕಿದರೆ ಇಮಿಟಿಸ್ ಮೈಯಲ್ಲಿ ಎರಡು ಕೆಂಪು ಚುಕ್ಕೆ, ರೆಪೆನ್ಸ್ ಮೈಯಲ್ಲಿ ಬಾಲದ ಕಡೆ ಒಂದೇ. ಪಿಸಿಆರ್ ಇದ್ದರೆ ಇನ್ನೂ ಖಚಿತ.

ಇನ್ನೊಂದು ಸುಳಿವು ಬಣ್ಣ ಹಾಕುವ ಮೊದಲೇ ಸಿಗುತ್ತದೆ. ಹಸಿ ರಕ್ತದ ಹನಿಯಲ್ಲಿ ಹುಳ ನಿಂತಲ್ಲೇ ಒದ್ದಾಡುತ್ತದಾ, ಇಲ್ಲ ಸರಸರ ಹರಿದು ನಿಮ್ಮ ಕಣ್ಣಳತೆಯಿಂದಲೇ ಆಚೆ ಹೋಗುತ್ತದಾ? ಹರಿದು ಹೋದರೆ ರೆಕಾಂಡಿಟಮ್ ಇರಬಹುದು. ಇದು ಸುಳಿವು ಅಷ್ಟೇ, ತೀರ್ಪಲ್ಲ.

ರಕ್ತ ತೆಗೆಯುವ ಹೊತ್ತೂ ಮುಖ್ಯ. ಸಂಜೆಯ ಮೇಲೆ ಮರಿಗಳು ಹೊರ ರಕ್ತಕ್ಕೆ ಜಾಸ್ತಿ ಬರುತ್ತವೆ, ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ. ಆನೆಕಾಲು ರೋಗದ ಸಮೀಕ್ಷೆಗೆ ಆರೋಗ್ಯ ಇಲಾಖೆಯವರು ರಾತ್ರಿ ಮನೆ ಬಾಗಿಲು ತಟ್ಟಿ ಬೆರಳು ಚುಚ್ಚುತ್ತಾರಲ್ಲ, ಅದೇ ಲೆಕ್ಕ.

ಈಗ ಕಿಟ್. ಅದು ಹಿಡಿಯುವುದು ಇಮಿಟಿಸ್‌ನ ಬೆಳೆದ ಹೆಣ್ಣು ಹುಳ ಬಿಡುವ ಪ್ರೋಟೀನನ್ನು. ಬರೀ ಗಂಡು ಹುಳ ಇದ್ದರೆ ನೆಗೆಟಿವ್. ಸೋಂಕು ತಗುಲಿ ಐದಾರು ತಿಂಗಳು ಆಗದಿದ್ದರೂ ನೆಗೆಟಿವ್. ಅದಕ್ಕೇ ಏಳು ತಿಂಗಳೊಳಗಿನ ನಾಯಿಮರಿಗಳಿಗೆ ಕಿಟ್ ಹಾಕಿ ದುಡ್ಡು ಕಳೆಯಬೇಡಿ. ನಿಮ್ಮ ನಾಯಿಗೆ ನಾಲ್ಕು ವರ್ಷ, ರಕ್ತದಲ್ಲಿ ಮರಿಗಳಿವೆ, ಅಂದರೆ ಎಲ್ಲೋ ಬೆಳೆದ ಹೆಣ್ಣು ಹುಳ ಇದ್ದೇ ಇದೆ. ಆದರೂ ಕಿಟ್ ನೆಗೆಟಿವ್. ಕರಾವಳಿಯಲ್ಲಿ ಇದರ ಅರ್ಥ ಬಹುತೇಕ ಇಷ್ಟೇ: ಆ ಹೆಣ್ಣು ಹುಳ ಇಮಿಟಿಸ್ ಅಲ್ಲ.

ನೀವು ನೆಟ್‌ನಲ್ಲಿ ಹುಡುಕಿದರೆ ಸೀರಮ್ ಬಿಸಿ ಮಾಡಿ ಕಿಟ್ ಹಾಕಿ ಎಂಬ ಸಲಹೆ ಸಿಗುತ್ತದೆ. ನಾಯಿಯ ಆಂಟಿಬಾಡಿಗಳು ಆಂಟಿಜೆನ್ನನ್ನು ಹಿಡಿದಿಟ್ಟಿದ್ದರೆ ಬಿಸಿಗೆ ಅದು ಬಿಡುಗಡೆಯಾಗುತ್ತದೆ, ಕಿಟ್‌ಗೆ ಕಾಣುತ್ತದೆ. ವಿಷಯ ನಿಜ. ಆದರೆ ಬಿಸಿ ಮಾಡಿದ ಸೀರಮ್‌ನಲ್ಲಿ ರೆಪೆನ್ಸ್ ಕೂಡ ಪಾಸಿಟಿವ್ ತೋರಿಸಬಹುದು, ಅನ್ನನಾಳದಲ್ಲಿ ಗಂಟು ಮಾಡುವ ಸ್ಪೈರೊಸರ್ಕಾ ಕೂಡ ತೋರಿಸಬಹುದು. ಎರಡೂ ನಮ್ಮಲ್ಲಿರುವ ಹುಳಗಳು. ಅಮೆರಿಕದವರಿಗೆ ದಾರಿ ತೋರಿಸುವ ದೀಪ ನಮ್ಮ ಕಣ್ಣಿಗೇ ಹೊಡೆಯುತ್ತದೆ!

ಒಂದು ಮಾತು ಬೈದು ಹೇಳಬೇಕು. ಆ ನಾಯಿ ಬಂದದ್ದು ಜ್ವರಕ್ಕೆ. ರೆಪೆನ್ಸ್ ಮರಿಗಳು ರಕ್ತದಲ್ಲಿದ್ದ ಮಾತ್ರಕ್ಕೆ ಜ್ವರ ಬರುವುದು ಅಪರೂಪ. ಉಣ್ಣೆ (ಉಣುಗು) ಕಚ್ಚಿ ಬರುವ ಜ್ವರ ನೋಡಿದಿರಾ? ಎರ್ಲಿಕಿಯಾ, ಬೆಬೇಸಿಯಾ, ಪ್ಲೇಟ್‌ಲೆಟ್ ಎಣಿಕೆ? ಸ್ಲೈಡ್‌ನಲ್ಲಿ ಹುಳ ಕಂಡ ಉತ್ಸಾಹದಲ್ಲಿ ಉಳಿದದ್ದು ಮರೆತುಹೋಗುತ್ತದೆ. ಇದರಲ್ಲಿ ಮೋಸವೂ ಒಂದಿದೆ. ಹಾರ್ಟ್‌ವರ್ಮ್ ಅಂತ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕೊಡುತ್ತೀರಿ. ಅದು ಎರ್ಲಿಕಿಯಾಕ್ಕೂ ಮದ್ದು. ಜ್ವರ ಇಳಿಯುತ್ತದೆ, ನಾಯಿ ಅನ್ನ ತಿನ್ನುತ್ತದೆ, ಮಾಲೀಕರು ಖುಷಿ. ನೀವು ಹಾರ್ಟ್‌ವರ್ಮ್ ಗುಣ ಮಾಡಿದೆ ಅಂದುಕೊಳ್ಳುತ್ತೀರಿ. ಇಲ್ಲದ ರೋಗ ಗುಣವಾಯಿತು, ಇದ್ದ ರೋಗದ ಹೆಸರು ಗೊತ್ತೇ ಆಗಲಿಲ್ಲ. ಇಂಥ ಕೇಸ್ ಶೀಟ್‌ಗಳು ಎಷ್ಟಿವೆಯೋ.

ಹಾಗಾದರೆ ಅಮೆರಿಕದ್ದು ಓದಲೇಬಾರದಾ ಅಂದರೆ, ಖಂಡಿತ ಓದಬೇಕು. ಈ ಹುಳದ ಬಗ್ಗೆ ಅವರಷ್ಟು ಕೆಲಸ ಮಾಡಿದವರಿಲ್ಲ. ಅಮೆರಿಕನ್ ಹಾರ್ಟ್‌ವರ್ಮ್ ಸೊಸೈಟಿ 1974ರಿಂದ ಇದೊಂದೇ ಹುಳ ಹಿಡಿದು ಕೂತಿದೆ. ನಾಯಿಗೊಂದು, ಬೆಕ್ಕಿಗೊಂದು ಗೈಡ್‌ಲೈನ್ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಓದುವಾಗ ಔಷಧದ ಪಟ್ಟಿಗೆ ಹಾರಬೇಡಿ. ದಿನಗಳ ಲೆಕ್ಕ ಓದಿ. ಸೊಳ್ಳೆಯೊಳಗೆ ಮರಿ ಸೋಂಕು ಹರಡುವ ಹಂತಕ್ಕೆ ಬರಲು ಸುಮಾರು 27 ಡಿಗ್ರಿ ಬಿಸಿಯಲ್ಲಿ ಎರಡು ವಾರದೊಳಗೆ ಸಾಕು. ನಾಯಿಯೊಳಗೆ ಹೊಕ್ಕ ಮೇಲೆ 70 ರಿಂದ 120 ದಿನದಲ್ಲಿ ಶ್ವಾಸಕೋಶದ ರಕ್ತನಾಳ ತಲುಪುತ್ತದೆ. ರಕ್ತದಲ್ಲಿ ಮರಿ ಕಾಣಲು ಆರೇಳು ತಿಂಗಳು ಬೇಕು. ಬೆಳೆದ ಹುಳದ ಆಯಸ್ಸು ಐದರಿಂದ ಏಳು ವರ್ಷ.

ಈ ಲೆಕ್ಕ ತಲೆಗೆ ಹೋದರೆ ಚಿಕಿತ್ಸೆ ಬಾಯಿಪಾಠ ಮಾಡಬೇಕಾಗಿಲ್ಲ. ತಿಂಗಳಿಗೊಮ್ಮೆ ಕೊಡುವ ಐವರ್‌ಮೆಕ್ಟಿನ್ ಗುಂಪಿನ ಮದ್ದು ಹಿಂದಿನ ಒಂದು ತಿಂಗಳಲ್ಲಿ ಹೊಕ್ಕ ಎಳೆಯ ಹುಳಗಳನ್ನು ಕೊಲ್ಲುತ್ತದೆ. ಅದಕ್ಕಿಂತ ಬೆಳೆದವು ಸುಲಭಕ್ಕೆ ಬಗ್ಗುವುದಿಲ್ಲ. ಬೆಳೆದ ಹುಳ ಕೊಲ್ಲುವ ಮೆಲಾರ್ಸೊಮಿನ್ ಇಂಜೆಕ್ಷನ್‌ಗೆ ಈ ನಡುಪ್ರಾಯದ ಹುಳಗಳು ಸಿಗುವುದಿಲ್ಲ. ಅದಕ್ಕೇ ಅವರು ರೋಗ ಪತ್ತೆಯಾದ ದಿನವೇ ಇಂಜೆಕ್ಷನ್ ಚುಚ್ಚುವುದಿಲ್ಲ. ತಿಂಗಳ ಮದ್ದು ಶುರು ಮಾಡಿ ಹೊಸ ಹುಳ ಬರದಂತೆ ತಡೆಯುತ್ತಾರೆ. 28 ದಿನ ಡಾಕ್ಸಿಸೈಕ್ಲಿನ್ ಕೊಟ್ಟು ಹುಳದ ಮೈಯೊಳಗಿನ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ತೆಗೆಯುತ್ತಾರೆ. ಇದ್ದ ಹುಳ ಬೆಳೆಯಲು ಕಾಯುತ್ತಾರೆ. 60ನೇ ದಿನ ಒಂದು ಇಂಜೆಕ್ಷನ್, 90 ಮತ್ತು 91ನೇ ದಿನ ಇನ್ನೆರಡು, ಸೊಂಟದ ಮೇಲಿನ ದಪ್ಪ ಸ್ನಾಯುವಿಗೆ ಆಳವಾಗಿ. ಸತ್ತ ಹುಳದ ಚೂರುಗಳು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತವೆ. ಆ ಹೊತ್ತಿಗೆ ನಾಯಿ ಓಡಿದರೆ ಪ್ರಾಣಕ್ಕೇ ಬರುತ್ತದೆ. ಕಟ್ಟಿ ಹಾಕಿ ಎಂಬ ಕಠಿಣ ಮಾತು ಬರುವುದು ಇಲ್ಲಿ. ನನ್ನ ಮೇಷ್ಟ್ರ ನಾಯಿಗೆ ಅದು ಬೇಕಾಗಿರಲಿಲ್ಲ.

ಮೆಲಾರ್ಸೊಮಿನ್ ನಮ್ಮ ಔಷಧ ಅಂಗಡಿಗೆ ಹೋಗಿ ಕೇಳಿದರೆ ಸಿಗುವಂಥದ್ದಲ್ಲ. ನಿಜವಾದ ಹಾರ್ಟ್‌ವರ್ಮ್ ಕೇಸ್ ಸಿಕ್ಕರೆ ಡಾಕ್ಸಿಸೈಕ್ಲಿನ್ ಜೊತೆ ಐವರ್‌ಮೆಕ್ಟಿನ್ ಗುಂಪಿನದೇ ಆದ ಮಾಕ್ಸಿಡೆಕ್ಟಿನ್ ಹಾಕಿ ನಿಧಾನವಾಗಿ ಕೊಲ್ಲುವ ದಾರಿ ಹಿಡಿಯಬೇಕಾಗುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟೂ ದಿನ ಹುಳ ರಕ್ತನಾಳ ಕೆಡಿಸುತ್ತಲೇ ಇರುತ್ತದೆ ಅಂತ ಮಾಲೀಕರಿಗೆ ಬಾಯಿಬಿಟ್ಟು ಹೇಳಿ. ಎದೆಯ ಎಕ್ಸ್‌ರೇ, ಎಕೋ (ಹೃದಯದ ಸ್ಕ್ಯಾನ್) ಮಾಡಿಸದೆ ಶುರು ಮಾಡಬೇಡಿ. ಎಕೋದಲ್ಲಿ ಹುಳ ಅಡ್ಡ ಸಿಕ್ಕರೆ ರೈಲು ಹಳಿಯಂಥ ಎರಡು ಬಿಳಿ ಗೆರೆ ಕಾಣುತ್ತವೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಕಾಫಿ ಬಣ್ಣದ ಮೂತ್ರ, ಒಮ್ಮೆಲೇ ಕುಸಿದುಬಿದ್ದ ನಾಯಿ ಬಂದರೆ ಹುಳದ ಗೊಂಚಲು ಹೃದಯದೊಳಗೇ ಇಳಿದಿದೆ ಎಂಬ ಅನುಮಾನ ಬರಬೇಕು. ಆಗ ಮಾತ್ರೆ ಸಾಲದು. ಕುತ್ತಿಗೆಯ ರಕ್ತನಾಳದಿಂದ ಫೋರ್ಸೆಪ್ಸ್ ಇಳಿಸಿ ಹುಳ ಹೊರತೆಗೆಯುವ ಜಾಗಕ್ಕೆ ಕಳಿಸಬೇಕು.

ನಮ್ಮಲ್ಲಿ ನಡೆಯುವ ಒಂದು ಕೆಟ್ಟ ಅಭ್ಯಾಸದ ಬಗ್ಗೆ ಸ್ವಲ್ಪ ಲೆಕ್ಕ ಮಾಡೋಣ. ದನಕ್ಕೆ ಹಾಕುವ 1 ಪರ್ಸೆಂಟ್ ಐವರ್‌ಮೆಕ್ಟಿನ್ ಇಂಜೆಕ್ಷನ್‌ನಲ್ಲಿ ಒಂದು ಎಂ.ಎಲ್.ಗೆ 10,000 ಮೈಕ್ರೋಗ್ರಾಂ ಇರುತ್ತದೆ. ಹಾರ್ಟ್‌ವರ್ಮ್ ತಡೆಯಲು ನಾಯಿಗೆ ಬೇಕಾದದ್ದು ಕಿಲೋಗೆ ಬರೀ 6 ಮೈಕ್ರೋಗ್ರಾಂ. 20 ಕಿಲೋ ನಾಯಿಗೆ 120. ಅಂದರೆ 0.012 ಎಂ.ಎಲ್. ಸಿರಿಂಜ್‌ನಲ್ಲಿ ಅಳೆಯಲು ಸಾಧ್ಯವಾ? ಹುಳಕ್ಕೆ ಒಂದು ಎಂ.ಎಲ್. ಹಾಕಿಬಿಡಿ ಎನ್ನುವವರು ಎಂಬತ್ತು ಪಟ್ಟು ಜಾಸ್ತಿ ಹಾಕುತ್ತಿರುತ್ತಾರೆ. ಕೋಲಿ, ಶೆಟ್ಲೆಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್‌ನಂಥ ತಳಿಗಳಲ್ಲಿ ಎಂಡಿಆರ್-1 ಜೀನ್ ದೋಷ ಇದ್ದರೆ ಆ ಮದ್ದು ಮೆದುಳಿಗೆ ನುಗ್ಗುತ್ತದೆ. ಅದೇ ತಳಿಗಳಿಗೆ 6 ಮೈಕ್ರೋಗ್ರಾಂ ಲೆಕ್ಕದ ಮಾತ್ರೆ ಏನೂ ತೊಂದರೆ ಮಾಡುವುದಿಲ್ಲ. ಇನ್ನೊಂದು ಅಪಾಯ: ರಕ್ತದ ತುಂಬ ಇಮಿಟಿಸ್ ಮರಿ ಇರುವ ನಾಯಿಗೆ ಡಿಇಸಿ ಕೊಟ್ಟರೆ ಎಲ್ಲ ಮರಿಗಳು ಒಟ್ಟಿಗೆ ಸತ್ತು ನಾಯಿ ಶಾಕ್‌ಗೆ ಹೋಗಬಹುದು. ಆನೆಕಾಲು ರೋಗಕ್ಕೆ ಸರ್ಕಾರ ಹಂಚುವ ಮಾತ್ರೆ ಅದು. ಮನೆಯಲ್ಲಿ ಉಳಿದದ್ದನ್ನು ನಾಯಿಗೆ ಹಾಕಿದೆ ಎನ್ನುವವರೂ ಸಿಗುತ್ತಾರೆ.

ಆ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನಾಯಿಯಿಂದ ನಮಗೆ ಆನೆಕಾಲು ಬರುತ್ತದಾ ಡಾಕ್ಟ್ರೇ ಅಂತ ಮಾಲೀಕರು ಕೇಳೇ ಕೇಳುತ್ತಾರೆ. ನಮ್ಮ ರಾಜ್ಯದ ಆನೆಕಾಲಿಗೆ ಕಾರಣವಾದ ವುಚೆರೇರಿಯಾ ಮನುಷ್ಯರ ಹುಳ, ನಾಯಿಯದ್ದಲ್ಲ. ಆದರೆ ರೆಪೆನ್ಸ್ ಮನುಷ್ಯರಿಗೂ ಬರುತ್ತದೆ. ಕೇರಳದಲ್ಲಿ, ನಮ್ಮ ಕರಾವಳಿಯಲ್ಲಿ ಕಣ್ಣಿನ ಬಿಳಿ ಪದರದಡಿಯಿಂದ ಜೀವಂತ ಹುಳ ತೆಗೆದ ಕೇಸ್‌ಗಳನ್ನು ಕಣ್ಣಿನ ಡಾಕ್ಟರುಗಳು ವರದಿ ಮಾಡಿದ್ದಾರೆ. ಬರುವುದು ಸೊಳ್ಳೆ ಕಡಿತದಿಂದ. ನಾಯಿ ನೆಕ್ಕಿದರೆ, ಮುಟ್ಟಿದರೆ ಅಲ್ಲ. ಇದನ್ನು ಸರಿಯಾಗಿ ಹೇಳದಿದ್ದರೆ ಮರುದಿನವೇ ನಾಯಿ ಬೀದಿಗೆ ಬೀಳುತ್ತದೆ.

ಬೆಕ್ಕುಗಳ ವಿಷಯ ಇಲ್ಲಿಗೆ ಬೇಡ. ಕೆಮ್ಮು, ಉಬ್ಬಸದ ಬೆಕ್ಕಿನಲ್ಲಿ ಒಂದೆರಡೇ ಹುಳ ಇದ್ದರೂ ಕಷ್ಟ, ಬೆಕ್ಕಿಗೆ ಮೆಲಾರ್ಸೊಮಿನ್ ಕೊಡುವುದಿಲ್ಲ ಎಂಬಿಷ್ಟು ನೆನಪಿರಲಿ.

ಇನ್ನು ಎಲ್ಲಿ ಕಲಿಯಬೇಕು ಎಂದಿರಿ. ಮೊದಲು ಟ್ರೊಕ್‌ಕ್ಯಾಪ್ ಓದಿ. ಅದು ಬಿಸಿ ದೇಶಗಳ ನಾಯಿ ಬೆಕ್ಕುಗಳ ಪರೋಪಜೀವಿಗಳ ಬಗ್ಗೆ ಬರೆಯುವ ಮಂಡಳಿ, ಗೈಡ್‌ಲೈನ್ ಪುಕ್ಕಟೆ. ನಮ್ಮ ಪರಿಸ್ಥಿತಿಗೆ ಅದೇ ಹತ್ತಿರ. ಆಮೇಲೆ ಅಮೆರಿಕನ್ ಸೊಸೈಟಿಯದ್ದು. ಯುರೋಪಿನ ಎಸ್‌ಕ್ಯಾಪ್ ಮಂಡಳಿಯದ್ದನ್ನೂ ತಿರುವಿ ಹಾಕಿ. ಅವರಿಗೆ ನಮ್ಮ ಹಾಗೆ ಇಮಿಟಿಸ್, ರೆಪೆನ್ಸ್ ಎರಡೂ ಇವೆ, ಗುರುತಿಸುವ ಕಷ್ಟ ಗೊತ್ತು. ಸಿಎಪಿಸಿ ಎಂಬ ಮಂಡಳಿ ಅಮೆರಿಕದ ಜಿಲ್ಲೆವಾರು ನಕ್ಷೆ ಹಾಕುತ್ತದೆ. ನಮಗೇಕೆ ಅಂತೀರಾ? ಟೆಕ್ಸಾಸ್, ಫ್ಲೋರಿಡಾದಿಂದ ನಾಯಿ ಸಮೇತ ಬೆಂಗಳೂರಿಗೆ ವಾಪಸ್ ಬರುವ ನಮ್ಮವರು ಈಗ ಬೇಕಾದಷ್ಟಿದ್ದಾರೆ. ಆ ನಾಯಿ ಎಲ್ಲಿಂದ ಬಂತು ಅಂತ ಕೇಳಿ ನಕ್ಷೆ ನೋಡಿದರೆ ಕಿಟ್ ಹಾಕಬೇಕಾ ಬೇಡವಾ ತಿಳಿಯುತ್ತದೆ. 2005ರ ಕತ್ರೀನಾ ಚಂಡಮಾರುತದ ನಂತರ ಅಲ್ಲಿನ ದಕ್ಷಿಣದ ನಾಯಿಗಳನ್ನು ಬೇರೆ ರಾಜ್ಯಗಳಿಗೆ ಸಾಗಿಸಿದಾಗ ಹುಳವೂ ಜೊತೆಗೆ ಹೋಯಿತು. ಗುವಾಹಟಿಯಿಂದ ವರ್ಗವಾಗಿ ಬಂದ ಮನೆಯವರ ನಾಯಿಗೂ ಇದೇ ಪ್ರಶ್ನೆ ಕೇಳಿ.

ನಮ್ಮ ದೇಶದ ವರದಿಗಳಿಗೆ ಜರ್ನಲ್ ಆಫ್ ವೆಟರ್ನರಿ ಪ್ಯಾರಾಸಿಟಾಲಜಿ ಹುಡುಕಿ. ಓದುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಇವರು ಜಾತಿಯನ್ನು ಹೇಗೆ ಗುರುತಿಸಿದರು? ಬರೀ ರಕ್ತದ ಸ್ಮಿಯರ್ ನೋಡಿ ಹಾರ್ಟ್‌ವರ್ಮ್ ಅಂತ ಬರೆದಿದ್ದರೆ ಪಕ್ಕಕ್ಕಿಡಿ. ಇದಕ್ಕಿಂತ ಒಳ್ಳೆಯ ಪಾಠ ನಿಮ್ಮ ಕಾಲೇಜಿನಲ್ಲೇ ಇದೆ. ಪ್ಯಾರಾಸಿಟಾಲಜಿ ಮ್ಯೂಸಿಯಂನಲ್ಲಿ ಇಮಿಟಿಸ್ ಜಾಡಿ ಇದ್ದರೆ ಹೋಗಿ ನೋಡಿ. ಪೋಸ್ಟ್‌ಮಾರ್ಟಮ್ ಹಾಲ್‌ಗೆ ನಾಯಿ ಬಂದಾಗಲೆಲ್ಲ ಶ್ವಾಸಕೋಶದ ರಕ್ತನಾಳವನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ ನೋಡಿ, ಚರ್ಮ ಬಿಡಿಸುವಾಗ ಕೆಳಗಿನ ಕೊಬ್ಬನ್ನೂ ನೋಡಿ. ಐದು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ.

ಈಗ ಆ ಕುಂದಾಪುರದ ನಾಯಿ. ಮಾಲೀಕರಿಗೆ ಫೋನ್ ಮಾಡಿ. ತಪ್ಪಾಯಿತು, ಹೃದಯದ ಹುಳ ಅಂತ ಇನ್ನೂ ಖಚಿತವಾಗಿಲ್ಲ ಎನ್ನಿ. ಸಂಜೆ ಏಳರ ಮೇಲೆ ಕರೆದುಕೊಂಡು ಬರಲು ಹೇಳಿ. ಇಡಿಟಿಎ ಟ್ಯೂಬ್‌ಗೆ 2 ಎಂ.ಎಲ್. ರಕ್ತ ತೆಗೆಯಿರಿ, ನಾಟ್ ಮಾಡಿ, ಉಣ್ಣೆ ಜ್ವರದ ಪರೀಕ್ಷೆ ಮಾಡಿ. ಮೈಯೆಲ್ಲ ಬೆರಳಲ್ಲಿ ಸವರಿ ನೋಡಿ. ಚರ್ಮದಡಿ ಗಂಟು ಸಿಕ್ಕರೆ ಸೂಜಿ ಹಾಕಿ ಸ್ಲೈಡ್ ಮಾಡಿ. ರೆಪೆನ್ಸ್ ಅಂತ ಗೊತ್ತಾದರೆ ಮಾಕ್ಸಿಡೆಕ್ಟಿನ್ ಇರುವ, ಬೆನ್ನಿಗೆ ಹಚ್ಚುವ ಹನಿಮದ್ದು ತಿಂಗಳಿಗೊಮ್ಮೆ ಹಾಕಿ. ಮೊದಲ ಸಲ ಹಾಕಿದ ಮೇಲೆ ಸ್ವಲ್ಪ ಹೊತ್ತು ಕಣ್ಣೆದುರೇ ಕೂರಿಸಿಕೊಳ್ಳಿ. ಕೇಸ್ ಶೀಟ್‌ನಲ್ಲಿ ಹಾರ್ಟ್‌ವರ್ಮ್ ಎಂದು ಬರೆದದ್ದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ "ಮೈಕ್ರೋಫೈಲೇರಿಯಾ ಕಂಡಿದೆ, ಜಾತಿ ತಿಳಿಯಬೇಕು" ಅಂತ ಬರೆದು ತಾರೀಕು ಹಾಕಿ ಸಹಿ ಮಾಡಿ.